ವೇಟಿಂಗ್ ರೂಮಿನ ಗೋಡೆ

ಕಳೆದ ಬೇಸಿಗೆಯಲ್ಲಿ ಮೆಟುಚೆನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ನ್ಯೂಯಾರ್ಕಿನ ರೈಲಿಗೆ ಕಾಯುತ್ತ ನಿಂತಿದ್ದಾಗ ಆ ವಾಸನೆ ಬಂತು. ಹಳಿಗಳ ರಿಪೇರಿ ನಡೆದಿತ್ತು. ಕಿತ್ತು ತೆಗೆದ ಹಳೆಯ ಮರದ ಸ್ಲೀಪರುಗಳನ್ನು ಬೇಲಿಯ ಪಕ್ಕದಲ್ಲಿ ಒಟ್ಟಿದ್ದರು. ಉರಿಬಿಸಿಲಿಗೆ ಅವುಗಳೊಳಗಿನ ಡಾಂಬರಿನಂಥ ಎಣ್ಣೆ ಕರಗಿ, ಹೊಗೆ, ಮರ, ಕಬ್ಬಿಣ ಎಲ್ಲ ಸೇರಿದ ಒಂದು ಘಾಟು ಎದ್ದಿತ್ತು. ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನಾನು ಹತ್ತಲಿಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ಲ್ಯಾಪ್‌ಟಾಪಿನ ಚೀಲ ಹಿಡಿದು ಮರದ ದಿಮ್ಮಿಗಳ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಯಾರೋ "ಆರ್ ಯು ಓಕೆ?" ಎಂದು ಕೇಳಿದರು. ಅಲರ್ಜಿ ಎಂದೆ. ನ್ಯೂಜೆರ್ಸಿಯಲ್ಲಿ ಅಳುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ನಾನು ಬೆಳೆದದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಸ್ಟೇಷನ್ನಿನ ಹತ್ತಿರ ಅಲ್ಲ, ಒಳಗೇ. ಮಾರಿಸ್‌ಟೌನ್‌ನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುವ ಹಳ್ಳಿ ಅದು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಒಬ್ಬರು ಫೋನಿನಲ್ಲಿ ದಾರಿ ಹುಡುಕಿಕೊಂಡು ಹೋಗಿಬಿಡುತ್ತೀರಿ, ಅಲ್ಲಿ ನೋಡುವುದಕ್ಕೆ ಒಂದು ಸಣ್ಣ ಪಾರ್ಕಿಂಗ್ ಲಾಟ್ ಬಿಟ್ಟು ಬೇರೇನೂ ಇಲ್ಲ. ನನ್ನ ಹೈಸ್ಕೂಲು ಮುಗಿಯುವ ಮೊದಲೇ ಸ್ಟೇಷನ್ ಕೆಡವಿದರು. ಮೊದಲು ಅಜ್ಜಿ ಹೋದಳು, ಆಮೇಲೆ ಅಪ್ಪ, ಎರಡು ವರ್ಷದ ಹಿಂದೆ ಅಮ್ಮ. ಆ ಮನೆಯಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಹಾಗಾಗಿ ಈ ಕತೆಯನ್ನು ಯಾರೂ ತಿದ್ದಲಾರರು. ಇದು ನನಗೆ ಸಮಾಧಾನದ ಮಾತಲ್ಲ.

ನಾವು ಅಲ್ಲಿಗೆ ಹೋದಾಗ ನನಗೆ ಎಂಟು ವರ್ಷ. ಅಪ್ಪ ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಪ್ಯಾಸೆಂಜರ್ ರೈಲು ನಿಂತುಹೋದ ಮೇಲೆ ಬಾಗಿಲು ಹಾಕಿದ್ದ ಸ್ಟೇಷನ್ ಕಟ್ಟಡ ಹಾಳಾಗದಿರಲಿ ಎಂದು ಟೌನ್ ಆಫೀಸಿನವರು ಅದನ್ನು ವಾಸಕ್ಕೆ ಬಾಡಿಗೆಗೆ ಕೊಡುತ್ತಿದ್ದರು. ಬೇರೆ ಯಾರಿಗೂ ಬೇಡವಾಗಿತ್ತು. ಅಪ್ಪನಿಗೆ ಮಾತ್ರ ಅದು ಬೇಕೇ ಬೇಕು. ಅವನು ಹುಟ್ಟಿದ್ದು, ಬೆಳೆದದ್ದು ಎಲ್ಲ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವನ ಅಪ್ಪ, ಅಂದರೆ ನನ್ನ ಅಜ್ಜ, ಗದಗದ ಸುತ್ತಮುತ್ತಲ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಮೂವತ್ತು ವರ್ಷ ಸ್ಟೇಷನ್ ಮಾಸ್ತರರಾಗಿದ್ದವರು. ಅಜ್ಜ ಆ ವರ್ಷ ತೀರಿಕೊಂಡಿದ್ದರು, ಅಜ್ಜಿಯನ್ನು ಕರೆಸಿಕೊಳ್ಳುವ ಓಡಾಟದಲ್ಲಿ ಅಪ್ಪ ಇದ್ದ. "ಅವ್ವ ಇಲ್ಲಿ ಬಂದ್ರ ಅಳೂದಿಲ್ಲ ನೋಡು" ಎಂದು ಟಿಕೆಟ್ ಕಿಂಡಿಯ ಹಿತ್ತಾಳೆ ಸರಳುಗಳನ್ನು ಸವರುತ್ತ ಹೇಳಿದ. ಮೈಸೂರಿನವಳಾದ ಅಮ್ಮನಿಗೆ ಎಡಿಸನ್ ಊರಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಕನ್ನಡದವರ ನಡುವೆ ಇರುವ ಆಸೆ. "ರೀ, ಎಲ್ರೂ ಅಮೆರಿಕಾಕ್ಕೆ ಬಂದು ಮನೆ ಹುಡುಕ್ತಾರೆ, ನೀವು ಸ್ಟೇಷನ್ ಹುಡುಕ್ತೀರಲ್ಲ" ಎಂದಳು. ಆದರೂ ಬಂದಳು.

ಬ್ಯಾಗೇಜ್ ರೂಮು ನಮ್ಮ ಅಡಿಗೆಮನೆಯಾಯಿತು. ಹಿಂದಿನ ಕಾಲದಲ್ಲಿ ಹಾಲಿನ ಕ್ಯಾನುಗಳನ್ನು ಉರುಳಿಸಿ ಉರುಳಿಸಿ ಅದರ ನೆಲದ ಹಲಗೆಗಳಲ್ಲಿ ತಗ್ಗು ಬಿದ್ದಿದ್ದವು, ಅಮ್ಮ ಸಾರಿನ ಪಾತ್ರೆ ಕೆಳಗಿಳಿಸಿದರೆ ಅದು ವಾಲಿಕೊಂಡೇ ಕೂರುತ್ತಿತ್ತು. ಮಹಡಿಯಲ್ಲಿ ಎರಡು ಕೋಣೆ, ಅಲ್ಲಿ ನಾವು ಮೂವರೂ ಮಲಗುತ್ತಿದ್ದೆವು. ಟಿಕೆಟ್ ಆಫೀಸು ಅಜ್ಜಿಯ ಕೋಣೆ. ಅದಕ್ಕೆ ಹಳಿಯ ಕಡೆ ಮುಂಚಾಚಿದ ಮೂರು ಮುಖದ ಕಿಟಕಿಯಿತ್ತು, ಕೂತಲ್ಲಿಂದಲೇ ಎರಡೂ ದಿಕ್ಕಿನ ರೈಲು ಕಾಣಬೇಕೆಂದು ಮಾಡಿಸಿದ್ದು. ಮಧ್ಯದಲ್ಲಿ ಎತ್ತರದ ಸೂರಿನ ವೇಟಿಂಗ್ ರೂಮು. ಗೋಡೆಯುದ್ದಕ್ಕೂ ಬೆಂಚು, ಮೂಲೆಯಲ್ಲಿ ಕಬ್ಬಿಣದ ಒಲೆ, ಬಾಗಿಲ ಮೇಲೆ ಉದ್ದನೆಯ ಲೋಲಕದ ಗಡಿಯಾರ. ಚಳಿಗಾಲದಲ್ಲಿ ಆ ಒಲೆಯ ಬಿಸುಪು, ಒಣಗಲು ಹಾಕಿದ ಸೀರೆಗಳ ಸೋಪಿನ ವಾಸನೆ, ಅಮ್ಮ ಹಾಕಿದ ಇಂಗಿನ ಒಗ್ಗರಣೆ, ಕಿಟಕಿಯ ಸಂದಿನಿಂದ ನುಸುಳುವ ಹಳಿಯ ಎಣ್ಣೆಯ ಘಾಟು. ನನಗೆ ಮನೆ ಎಂದರೆ ಇವತ್ತಿಗೂ ಇಷ್ಟೇ.

ಅಜ್ಜಿ ಬಂದ ದಿನ ಕಾರಿನಿಂದಿಳಿದು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದಳು. ಸಿಗ್ನಲ್ ಎಲ್ಲಿ ಎಂದು ಕೇಳಿದಳು. ಸಿಗ್ನಲ್ ಇರಲಿಲ್ಲ. ಆದರೆ ವಾರಕ್ಕೆರಡು ಸಲ ಕ್ವಾರಿಯಿಂದ ಜಲ್ಲಿಕಲ್ಲು ಹೊತ್ತ ಗೂಡ್ಸ್ ಗಾಡಿಯೊಂದು ನಿಲ್ಲದೆ ಹಾದುಹೋಗುತ್ತಿತ್ತು. ಅದರ ಸದ್ದು ಕೇಳಿಸಿದ ಮೊದಲ ದಿನವೇ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಯ ಹಸಿರು ತುಂಡೊಂದನ್ನು ಹರಿದು ಕೋಲಿಗೆ ಕಟ್ಟಿ ಹೊರಗೆ ಓಡಿದಳು. ಅಜ್ಜ ಊಟಕ್ಕೆ ಕೂತಾಗ ಎಷ್ಟೋ ಸಲ ಹೀಗೆ ಅವಳೇ ಹಸಿರು ಬಾವುಟ ತೋರಿಸಿ ಗಾಡಿ ದಾಟಿಸಿದ್ದಳಂತೆ, ಅದು ರೈಲ್ವೆಯವರಿಗೆ ಗೊತ್ತಾಗಬಾರದ ಗುಟ್ಟು. ಒಂಬತ್ತು ಗಜದ ಸೀರೆಯ ಮೇಲೆ ಅಪ್ಪನ ದೊಡ್ಡ ಕೋಟು ಹಾಕಿಕೊಂಡು, ಹಿಮದ ಮೇಲೆ ನಿಂತು ಹಸಿರು ಬಟ್ಟೆ ಬೀಸುವ ಮುದುಕಿಯನ್ನು ನೋಡಿ ಆ ಅಮೆರಿಕನ್ ಡ್ರೈವರ್ ಏನೆಂದುಕೊಂಡನೋ ದೇವರೇ ಬಲ್ಲ. ಎರಡು ವಾರದ ಮೇಲೆ ಅವನೂ ನಮ್ಮ ಸ್ಟೇಷನ್ ಬಂದ ಕೂಡಲೇ ಎರಡು ಸಲ ಹಾರ್ನ್ ಹೊಡೆಯತೊಡಗಿದ. ಅಜ್ಜಿ ಆ ದಿನಗಳಲ್ಲಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು.

ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಮಿಸ್ಟರ್ ಹಾರ್ಪರ್ ಬರುತ್ತಿದ್ದರು. ಅವರು ಆ ಸ್ಟೇಷನ್ನಿನ ಕೊನೆಯ ಏಜೆಂಟ್, ಅಂದರೆ ನಮ್ಮ ಲೆಕ್ಕದಲ್ಲಿ ಸ್ಟೇಷನ್ ಮಾಸ್ತರ್. ಕೊನೆಯ ಟಿಕೆಟ್ ಹರಿದುಕೊಟ್ಟವರು, ಕೊನೆಯ ದಿನ ಬಾಗಿಲಿಗೆ ಬೀಗ ಹಾಕಿದವರು ಅವರೇ. ಹೆಂಡತಿ ತೀರಿಹೋಗಿದ್ದರು, ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದರು. ಗಡಿಯಾರಕ್ಕೆ ಕೀಲಿ ಕೊಡುವ ಹಕ್ಕನ್ನು ಮಾತ್ರ ಅವರು ಟೌನ್ ಆಫೀಸಿನಿಂದ ಕೇಳಿ ಉಳಿಸಿಕೊಂಡಿದ್ದರು. ತೆಳ್ಳನೆಯ ಉದ್ದನೆಯ ಮನುಷ್ಯ. ಬಾಗಿಲಲ್ಲಿ ಟೋಪಿ ತೆಗೆದು, ಸ್ಟೂಲು ಹತ್ತಿ, ಎಂಟು ಸುತ್ತು ಕೀಲಿ ತಿರುಗಿಸಿ ಇಳಿಯುವಷ್ಟರಲ್ಲಿ ಅಜ್ಜಿಯ "ಮಾಸ್ತರು ಬಂದ್ರು, ಚಾ ಇಡು" ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ಸ್ಟೀಲ್ ಲೋಟವನ್ನು ಕರವಸ್ತ್ರದಲ್ಲಿ ಹಿಡಿದು ಕುಡಿಯುವುದನ್ನು ಅವರು ಬೇಗ ಕಲಿತರು.

ಆ ಸ್ಟೇಷನ್ನಿನ ಚರಿತ್ರೆಯನ್ನೆಲ್ಲ ನಾನು ಕೇಳಿದ್ದು ಅವರ ಬಾಯಿಂದ. ಮೊದಲು ಗುಡ್ಡದ ಆಚೆ ಕಬ್ಬಿಣದ ಗಣಿಯಿತ್ತಂತೆ, ಅದಕ್ಕಾಗಿ ಹಳಿ ಬಂತು. ಗಣಿ ಬರಿದಾಯಿತು, ಹಾಲು ಬಂತು. ಬೆಳಗಿನ ಐದೂವರೆಗೆ ಸುತ್ತಲಿನ ಹೊಲಮನೆಗಳಿಂದ ಗಾಡಿಗಳು ಬಂದು ನಿಲ್ಲುತ್ತಿದ್ದವು, ಇಲ್ಲಿಯ ಹಾಲು ಮಧ್ಯಾಹ್ನದೊಳಗೆ ನ್ಯೂಯಾರ್ಕಿನ ಮಕ್ಕಳ ಹೊಟ್ಟೆಯಲ್ಲಿ. ಆಮೇಲೆ ಹ್ಯಾಟು ಹಾಕಿಕೊಂಡು ನಗರಕ್ಕೆ ಕಮ್ಯೂಟ್ ಮಾಡುವ ಗಂಡಸರು. ಆಮೇಲೆ ದೊಡ್ಡ ಹೈವೇ ಆಯಿತು, ಎಲ್ಲರ ಮನೆಯಲ್ಲೂ ಕಾರು ಬಂತು, ರೈಲಿನಲ್ಲಿ ಗಾರ್ಡೂ ಗಾಳಿಯೂ ಮಾತ್ರ ಓಡಾಡತೊಡಗಿದವು. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ರೈಲು ಯಾವ ದಿನ ಎಷ್ಟು ನಿಮಿಷ ತಡವಾಗಿತ್ತೆಂದು ಮಾತ್ರ ನೆನಪಿತ್ತು. "ನಮ್ಮವರೂ ಹಿಂಗs" ಎನ್ನುತ್ತಿದ್ದಳು ಅಜ್ಜಿ, "ಗಾಡಿ ಲೇಟಾದ್ರ ಇವರಿಗೇ ಜ್ವರ ಬರ್ತಿತ್ತು."

ಇವರಿಬ್ಬರ ನಡುವೆ ಬೆಂಚಿನ ಮೇಲೆ ಕೂತವಳು ನಾನು. ಅಜ್ಜಿಗೆ ಇಂಗ್ಲಿಷ್ ಬಾರದು, ಓದಲೂ ಬಾರದು. ಅವರಿಗೆ ಕನ್ನಡ ಎಲ್ಲಿಂದ ಬರಬೇಕು. ಅಜ್ಜಿಯ ಮಾತು ಅವರಿಗೆ, ಅವರ ಮಾತು ಅಜ್ಜಿಗೆ, ನಾನು ದಾಟಿಸಬೇಕು. ಈ ಕೆಲಸವನ್ನು ಚಿಕ್ಕಂದಿನಲ್ಲಿ ನೀವೂ ಮಾಡಿದ್ದರೆ, ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಸ್ಕೂಲಿನ ಮೀಟಿಂಗಿನಲ್ಲಿ, ನಿಮಗೆ ಇದು ಗೊತ್ತಿರುತ್ತದೆ: ಬಿಟ್ಟದ್ದನ್ನು ಯಾರೂ ಕೇಳುವುದಿಲ್ಲ. ಅವರು ಐದು ನಿಮಿಷ ಹೇಳಿದ್ದನ್ನು ನಾನು ಒಂದು ಸಾಲಿನಲ್ಲಿ ಮುಗಿಸಿ ಕಾರ್ಟೂನ್ ನೋಡಲು ಓಡುತ್ತಿದ್ದೆ. ಇಬ್ಬರೂ ತಲೆದೂಗುತ್ತಿದ್ದರು. ಇಬ್ಬರಿಗೂ ನನ್ನ ಮೇಲೆ ಪೂರ್ತಿ ನಂಬಿಕೆ. ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಅಷ್ಟು ನಂಬಿಕೆ ಇಡಬಾರದೆಂದು ಅವರಿಗೆ ಹೊಳೆಯಲೇ ಇಲ್ಲ.

ಚಾ ಮುಗಿಸಿ ಹೊರಡುವ ಮೊದಲು ಮಿಸ್ಟರ್ ಹಾರ್ಪರ್ ಒಲೆಯ ಪಕ್ಕದ ಗೋಡೆಯ ಹತ್ತಿರ ಹೋಗಿ, ಒಂದು ಜಾಗದಲ್ಲಿ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಆ ಗೋಡೆಯ ತುಂಬ ಪೆನ್ಸಿಲಿನಲ್ಲಿ ಬರೆದ ಹೆಸರುಗಳು. ಒಂದು ದಿನ ಅಜ್ಜಿ ದೀಪ ಹಚ್ಚಲು ಒಳಗೆ ಹೋಗಿದ್ದಾಗ ನಾನು ಕೇಳಿದೆ, ಅವರು ಹೇಳಿದರು. ಅದು ಆ ಸ್ಟೇಷನ್ನಿನ ಪದ್ಧತಿಯಂತೆ. ಊರು ಬಿಟ್ಟು ದೂರ ಹೋಗುವವರು, ಕೆಲಸಕ್ಕಾಗಲಿ ಕಾಲೇಜಿಗಾಗಲಿ ಯುದ್ಧಕ್ಕಾಗಲಿ, ರೈಲು ಹತ್ತುವ ಮೊದಲು ದಾರ ಕಟ್ಟಿ ತೂಗುಬಿಟ್ಟ ಪೆನ್ಸಿಲಿನಿಂದ ಆ ಗೋಡೆಯ ಮೇಲೆ ಹೆಸರು, ತಾರೀಖು ಬರೆಯಬೇಕು. ತಿರುಗಿ ಬಂದ ದಿನ ಮನೆಗೆ ಹೋಗುವುದಕ್ಕೂ ಮೊದಲು ತಮ್ಮ ಹೆಸರಿನ ಮೇಲೆ ತಾವೇ ಗೆರೆ ಎಳೆಯಬೇಕು. ಬೇರೆಯವರು ಎಳೆಯುವ ಹಾಗಿಲ್ಲ, ಅಪ್ಪ ಅಮ್ಮ ಕೂಡ. ನಾನು ನೋಡಿದೆ. ಹೆಚ್ಚಿನ ಹೆಸರುಗಳ ಮೇಲೆ ಗೆರೆಗಳಿದ್ದವು, ಕೆಲವು ಎಷ್ಟು ಜೋರಾಗಿ ಎಳೆದವೆಂದರೆ ಗಿಲಾವು ಕಿತ್ತಿತ್ತು. ಗೆರೆಯಿಲ್ಲದವು ಹತ್ತು ಹನ್ನೆರಡು. ಅವರ ಅಂಗೈ ಇದ್ದ ಜಾಗದಲ್ಲಿ ವಾಲಿದ ಅಕ್ಷರಗಳಲ್ಲಿ ಡ್ಯಾನಿ ಹಾರ್ಪರ್ ಎಂದಿತ್ತು. ಮೇಲೆ ಗೆರೆಯಿರಲಿಲ್ಲ.

ಡ್ಯಾನಿ ಅವರ ಒಬ್ಬನೇ ಮಗ. ನಾನು ಮಲಗುವ ಮಹಡಿಯ ಕೋಣೆಯಲ್ಲೇ ಬೆಳೆದವನು. ಹತ್ತೊಂಬತ್ತನೆಯ ವಯಸ್ಸಿಗೆ ಇದೇ ಪ್ಲಾಟ್‌ಫಾರ್ಮಿನಿಂದ ರೈಲು ಹತ್ತಿ ವಿಯೆಟ್ನಾಂ ಯುದ್ಧಕ್ಕೆ ಹೋದ. ಅವನ ಅಪ್ಪನೇ ಟಿಕೆಟ್ ಹರಿದುಕೊಟ್ಟರಂತೆ. ಅಪ್ಪನೇ ಗಾರ್ಡಿಗೆ ಕೈ ತೋರಿಸಿ ಗಾಡಿ ಬಿಟ್ಟರಂತೆ. "ಒಂದು ನಿಮಿಷ ಕೂಡ ಲೇಟಾಗಿರಲಿಲ್ಲ, ಪ್ಯಾಟಿ" ಎಂದರು. ಪದ್ಮಾ ಎಂಬ ಹೆಸರು ಅವರ ಬಾಯಲ್ಲಿ ಪ್ಯಾಟಿಯಾಗಿತ್ತು. ಆಮೇಲೆ, ನಿನ್ನ ಅಜ್ಜಿಗೆ ಇದನ್ನು ಹೇಳು, ಅವಳಿಗೆ ಅರ್ಥವಾಗುತ್ತದೆ ಎಂದರು.

ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು, ಏನಂದರು ಎಂದು ಕೇಳಿದಳು. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಸಾವಿನ ಮಾತು ಆಡಬಾರದು. ಅದೊಂದು ನೆವ. ನಿಜ ಹೇಳಬೇಕೆಂದರೆ, "ಸತ್ತ" ಎನ್ನುವ ಮಾತನ್ನು ಅವರ ಮುಂದೆ ಗಟ್ಟಿಯಾಗಿ ಹೇಳಲು ನನಗೆ ಹೆದರಿಕೆಯಾಯಿತು. "ಅವರ ಮಗ ದೂರ ಹೋಗ್ಯಾನಂತ" ಎಂದೆ. ಅಜ್ಜಿ ಒಂದು ಗಳಿಗೆ ಅವರನ್ನು ನೋಡಿ, "ಬರ್ತಾನ ತೊಗೋರಿ ಮಾಸ್ತರ, ಎಲ್ಲಿ ಹೋಗ್ತಾನ" ಎಂದಳು. ಅವರು ನನ್ನ ಮುಖ ನೋಡಿದರು. ಅವಳಿಗೆ ತುಂಬಾ ದುಃಖವಾಯಿತಂತೆ ಎಂದೆ. ಅವರು ಅಜ್ಜಿಗೆ ತಲೆಬಾಗಿದರು. ಅಂದಿನಿಂದ ಪ್ರತಿ ಗುರುವಾರ ಅಜ್ಜಿಯ ಮೊದಲ ಪ್ರಶ್ನೆ ಒಂದೇ: "ಮಗನ ಪತ್ರ ಬಂತೇನ್ರಿ?" ಪ್ರತಿ ಗುರುವಾರ ನಾನು ಅದನ್ನು "ಹೇಗಿದ್ದೀರಿ?" ಎಂದು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಚೆನ್ನಾಗಿದ್ದೇನೆ ಎಂದು ಅವರು ಹೇಳಿದ್ದನ್ನು "ಇನ್ನೂ ಬಂದಿಲ್ಲಂತ" ಎಂದು ಕನ್ನಡಕ್ಕೆ. ಒಂದು ಸುಳ್ಳಿಗೆ ವಾರ ವಾರವೂ ಕೀಲಿ ಕೊಡಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಎಡಿಸನ್ನಿನ ಸ್ಮಿತಾ ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ನನ್ನದೇ ವಯಸ್ಸು. ಅವರು ಹೊಸ ಮನೆ ಕೊಂಡಿದ್ದರು, ಕಾರ್ಪೆಟ್ಟಿನಿಂದ ಸೂರಿನವರೆಗೆ ಎಲ್ಲ ಬೆಳ್ಳಗೆ. ಸ್ಮಿತಾ ವೇಟಿಂಗ್ ರೂಮಿನ ಮಧ್ಯೆ ನಿಂತು ಹೆಸರುಗಳ ಗೋಡೆ ನೋಡಿ, "ಈವ್! ಇಟ್ಸ್ ಲೈಕ್ ಎ ಬಸ್ ಸ್ಟೇಷನ್ ಬಾತ್‌ರೂಮ್" ಎಂದಳು. ದೊಡ್ಡವರು ನಕ್ಕರು, ಅಮ್ಮನೂ ನಕ್ಕಳು. ನನ್ನ ಕಿವಿ ಸುಟ್ಟುಹೋಯಿತು. ಈಗ ಸ್ಮಿತಾ ಮಾರಿಸ್‌ಟೌನಿನಲ್ಲಿ ಡಾಕ್ಟರು, ಒಳ್ಳೆಯವಳು, ಸಿಕ್ಕಾಗ ತಬ್ಬಿಕೊಳ್ಳುತ್ತಾಳೆ. ಆ ಮಾತು ಅವಳಿಗೆ ನೆನಪೂ ಇಲ್ಲ, ಇರಬೇಕಾಗಿಯೂ ಇಲ್ಲ. ತಪ್ಪು ಅವಳದಲ್ಲ.

ದಸರೆ ಹತ್ತಿರ ಬಂತು. ನಮ್ಮ ಗದಗದ ಕಡೆ ದಸರೆಗೆ ಮೊದಲು ಮನೆಗೆ ಸುಣ್ಣ ಹಚ್ಚದಿದ್ದರೆ ಅದು ಹಬ್ಬವೇ ಅಲ್ಲ. ಅಜ್ಜಿ ಹಟ ಹಿಡಿದಳು. ಬಾಡಿಗೆ ಮನೆ, ಹಾಗೆಲ್ಲ ಮಾಡಬಾರದು ಎಂದು ಅಮ್ಮ ಹೇಳಿ ನೋಡಿದಳು. ಅಪ್ಪ ಟೌನ್ ಆಫೀಸಿಗೆ ಫೋನ್ ಮಾಡಿದರೆ, ಬಳಿದುಕೊಳ್ಳಿ, ಒಳ್ಳೆಯದೇ ಆಯಿತು ಎಂದರು. ದನದ ಕೊಟ್ಟಿಗೆಗಳಿಗೆ ಸುಣ್ಣ ಮಾರುವ ಅಂಗಡಿಯಿಂದ ಅಪ್ಪ ಒಂದು ಚೀಲ ತಂದ. ಅಜ್ಜಿ ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಎರಡು ದಿನ ಕಲಕಿ, ಬಟ್ಟೆಯಲ್ಲಿ ಸೋಸಿ, ಊರಿನಿಂದ ತಂದಿದ್ದ ನೀಲಿಯನ್ನು ಚಿಟಿಕೆ ಹಾಕಿದಳು. ಹೆಸರುಗಳ ಬಗ್ಗೆ ಅಪ್ಪನಾಗಲಿ ಅಮ್ಮನಾಗಲಿ ಯೋಚಿಸಲೇ ಇಲ್ಲ. ಗುರುವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಕೆಲಸದಲ್ಲಿರುತ್ತಿದ್ದರು, ಅವರಿಗೆ ಆ ಕತೆ ಗೊತ್ತಿರಲಿಲ್ಲ. ಅಲ್ಲದೆ ನಮ್ಮ ಕಡೆಯ ಯಾವ ಸ್ಟೇಷನ್ನಿನ ಗೋಡೆಯ ಮೇಲೆ ಜನ ಹೆಸರು ಗೀಚಿರುವುದಿಲ್ಲ ಹೇಳಿ? ಅಜ್ಜ ಬದುಕಿಡೀ ಅವುಗಳ ಜೊತೆ ಗುದ್ದಾಡಿದ್ದರು, ಇನ್‌ಸ್ಪೆಕ್ಷನ್ ಬಂತೆಂದರೆ ಮೊದಲು ಸುಣ್ಣದ ಬಕೆಟ್ಟು. ಅಜ್ಜಿಯ ಮಟ್ಟಿಗೆ ಅದು ಹಬ್ಬದ ಕೆಲಸವೂ ಹೌದು, ಗಂಡನ ಸ್ಟೇಷನ್ನಿನ ಮರ್ಯಾದೆಯೂ ಹೌದು.

ಆದರೂ ಅಜ್ಜಿ ಕೇಳಿದಳು. ಇದನ್ನು ನಾನು ಬರೆಯಲೇಬೇಕು. ಶುಕ್ರವಾರ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟು ನಿಂತಿದ್ದೆ. ಅಜ್ಜಿ ಸೀರೆ ಎತ್ತಿ ಕಟ್ಟಿ, ಬ್ರಷ್ ಹಿಡಿದು ಆ ಗೋಡೆಯ ಮುಂದೆ ನಿಂತವಳು ನನ್ನನ್ನು ಕರೆದಳು.

"ಪದ್ದಿ, ಇದೇನ ಬರದಾರ ಗ್ವಾಡಿ ತುಂಬ? ಬೇಕಾದದ್ದೇನರ ಐತೇನ, ಓದಿ ಹೇಳು."

ಮನೆಯಲ್ಲಿ ಆಗ ನಾವಿಬ್ಬರೇ. ಹೊರಗೆ ಸ್ಕೂಲ್ ಬಸ್ಸು ಬಂದು ನಿಂತಿತ್ತು. ಭಾನುವಾರ ಸ್ಮಿತಾ ಬರುವವಳಿದ್ದಳು. ನಾನು ಗೋಡೆಯ ಕಡೆ ತಿರುಗಿಯೂ ನೋಡದೆ, "ಏನಿಲ್ಲಜ್ಜಿ, ಹುಡುಗ್ರು ಸುಮ್ನ ಗೀಚ್ಯಾರ" ಎಂದು ಓಡಿದೆ.

ಮಧ್ಯಾಹ್ನ ಬಂದಾಗ ಗೋಡೆ ಬೆಳ್ಳಗಿತ್ತು. ನೀಲಿ ಬೆರೆತ ಬಿಳುಪು, ಎಷ್ಟು ಚಂದವೆಂದರೆ ಇಡೀ ಕೋಣೆಗೆ ಹೊಸ ಬೆಳಕು ಬಂದಿತ್ತು. ಅಜ್ಜಿಯ ಮೊಣಕೈವರೆಗೆ ಸುಣ್ಣದ ಹನಿಗಳು. ನನಗೆ ಮೊದಲು ಆದದ್ದು ಸಂತೋಷ. ಅದನ್ನೂ ಮುಚ್ಚಿಡುವುದಿಲ್ಲ. ಭಯ ಬಂದದ್ದು ಆಮೇಲೆ, ಊಟಕ್ಕೆ ಕೂತಾಗ.

ದಸರೆ ಯಾವ ವಾರ ಬಿದ್ದರೂ ಎಡಿಸನ್ನಿನ ಅಂಕಲ್ ಆಂಟಿಗಳು ಬರುವುದು ಭಾನುವಾರವೇ. ಅಂದು ಹೋಳಿಗೆಯ ತುಪ್ಪದ ವಾಸನೆ ಪ್ಲಾಟ್‌ಫಾರ್ಮಿನವರೆಗೂ ಹರಡಿತ್ತು. ಬನ್ನಿ ಎಲೆ ಇಲ್ಲಿ ಸಿಗುವುದಿಲ್ಲವೆಂದು ಹಳಿಯ ಪಕ್ಕದ ಮರಗಳಿಂದ ಉದುರಿದ ಹಳದಿ ಎಲೆಗಳನ್ನು ನನ್ನಿಂದ ಆರಿಸಿ ತರಿಸಿದ್ದಳು ಅಜ್ಜಿ. ಕಿರಿಯರು ಹಿರಿಯರಿಗೆ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಕಾಲಿಗೆ ನಮಸ್ಕಾರ ಮಾಡಬೇಕು. ಸ್ಮಿತಾ ಒಳಗೆ ಬಂದು "ವಾವ್" ಎಂದಳು. ಮಿಸ್ಟರ್ ಹಾರ್ಪರ್‌ರನ್ನೂ ಅಜ್ಜಿ ಕರೆದಿದ್ದಳು. ಅವರು ಟೈ ಕಟ್ಟಿಕೊಂಡು, ಸೇಬಿನ ಪೈ ಹಿಡಿದು ಬಾಗಿಲಲ್ಲಿ ಟೋಪಿ ತೆಗೆದರು. ತೆಗೆದ ಟೋಪಿ ಕೈಯಲ್ಲೇ ಉಳಿಯಿತು.

ಅಜ್ಜಿ ಹೆಮ್ಮೆಯಿಂದ ಗೋಡೆಯ ಹತ್ತಿರ ಅವರನ್ನು ಕರೆದುಕೊಂಡು ಹೋದಳು. "ಹೆಂಗೈತ್ರಿ ಮಾಸ್ತರ? ನಿಮ್ಮ ಸ್ಟೇಷನ್ ಹೊಸಾದಾತು ನೋಡ್ರಿ. ಮಗಾ ಬಂದಾಗ ನೋಡಿ ಖುಷಿ ಪಡ್ತಾನ. ಹೇಳಲೇ ಪದ್ದಿ, ಅವರಿಗೆ ಹೇಳು."

ನಾನು ಹೇಳಲಿಲ್ಲ. "ಶಿ ಸೇಸ್ ಹ್ಯಾಪಿ ದಸರಾ" ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗೈಯನ್ನು ಗೋಡೆಯ ಮೇಲೆ ಇಟ್ಟರು, ಸರಿಯಾಗಿ ಅದೇ ಜಾಗದಲ್ಲಿ. ಹೆಸರು ಕಾಣದಿದ್ದರೂ ಅವರ ಕೈಗೆ ಜಾಗ ತಪ್ಪಲಿಲ್ಲ. ಸುತ್ತ ಎಲ್ಲರೂ ಮಾತಾಡುತ್ತಿದ್ದರು, ನಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಾಗಿ ಮೆತ್ತಗೆ, ಅಜ್ಜಿಗೆ ಗೊತ್ತಿತ್ತಾ ಎಂದು ಕೇಳಿದರು. ಅವಳಿಗೆ ಓದಲು ಬರುವುದಿಲ್ಲ ಎಂದೆ. ಅದು ನಿಜ. ನಾನು ಆಡಿದ ಸುಳ್ಳುಗಳಲ್ಲೆಲ್ಲ ಅತಿ ಕೆಟ್ಟದ್ದು ಆ ನಿಜವೇ. "ಆಫ್ ಕೋರ್ಸ್," ಎಂದರು ಅವರು, "ಆಫ್ ಕೋರ್ಸ್ ಶಿ ಕುಡಂಟ್." ನೆಟ್ಟಗೆ ನಿಂತು ಅಜ್ಜಿಯ ಕಡೆ ತಿರುಗಿ, ತುಂಬಾ ಚೆನ್ನಾಗಿದೆ, ಇಷ್ಟೆಲ್ಲ ಶ್ರಮ ತೆಗೆದುಕೊಂಡದ್ದಕ್ಕೆ ಧನ್ಯವಾದ ಎಂದು ಹೇಳಲು ನನಗೆ ಹೇಳಿದರು. ಇದನ್ನು ಮಾತ್ರ ನಾನು ಪೂರ್ತಿಯಾಗಿ ಕನ್ನಡಕ್ಕೆ ತಂದೆ. ಅಜ್ಜಿಯ ಮುಖ ಅರಳಿತು. ನಾನು ಅವರಿಗೆ ಹಳದಿ ಎಲೆ ಕೊಟ್ಟು ಕಾಲು ಮುಟ್ಟಿದೆ. ಅವರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಹೋಳಿಗೆಯನ್ನು ಚೂರೂ ಬಿಡದೆ ತಿಂದು ಹೋದರು.

ಆಮೇಲೆಯೂ ಅವರು ಬಂದರು, ಮೂರೋ ನಾಲ್ಕೋ ಗುರುವಾರ. ಕೀಲಿ ಕೊಟ್ಟರು, ಚಾ ಕುಡಿದರು. ಗೋಡೆಯ ಹತ್ತಿರ ಹೋಗಲಿಲ್ಲ. ನಾನು ಆ ವೇಳೆಗೆ ಸರಿಯಾಗಿ ಮಹಡಿಯಲ್ಲಿ ಹೋಮ್‌ವರ್ಕ್ ಮಾಡುತ್ತೇನೆಂದು ಕೂತುಬಿಡುತ್ತಿದ್ದೆ. ಕೆಳಗೆ ಇಬ್ಬರೂ ಮಾತಿಲ್ಲದೆ ಕೂತಿರುವುದು ಕೇಳಿಸುತ್ತಿತ್ತು. ಹಿಮ ಬಿದ್ದ ಮೇಲೆ ಅವರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ, ಅಲ್ಲಿಂದ ನರ್ಸಿಂಗ್ ಹೋಮ್. ಗಡಿಯಾರ ನಿಂತಿತು. ಅಪ್ಪ ಕೀಲಿ ಕೊಡಲು ಹೋದರೆ ಅಜ್ಜಿ ಬೇಡವೆಂದಳು, ಮಾಸ್ತರು ಬಂದು ಕೊಡುತ್ತಾರೆ ಎಂದಳು. ಮಾರ್ಚಿನಲ್ಲಿ ಚರ್ಚಿನಿಂದ ಫೋನ್ ಬಂತು.

ಶನಿವಾರ ಬೆಳಿಗ್ಗೆ ಅಪ್ಪ, ಅಜ್ಜಿ, ನಾನು ಮಣ್ಣಿಗೆ ಹೋದೆವು. ಹೆಚ್ಚು ಜನ ಇರಲಿಲ್ಲ. ಹಿಮ ಕರಗಿ ನೆಲವೆಲ್ಲ ಕೆಸರು. ತೆರೆದ ಗುಂಡಿಯ ಪಕ್ಕದಲ್ಲಿ ಎರಡು ಕಲ್ಲುಗಳಿದ್ದವು, ಒಂದರ ಮುಂದೆ ಸಣ್ಣ ಬಾವುಟ ನೆಟ್ಟಿತ್ತು. ಪಾದ್ರಿಯ ಮಾತು ಮುಗಿದ ಮೇಲೆ ಅಜ್ಜಿ, ಇವು ಯಾರವು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಬಾಗಿ ಓದಿದ. "ಇದು ಅವರ ಹೆಂಡ್ತಿದು, ಅವ್ವ. ಇದು... ಮಗಂದು. ಯುದ್ಧದಾಗ ತೀರಿಕೊಂಡಾನ. ಭಾಳ ವರ್ಷ ಆತು. ಹತ್ತೊಂಬತ್ತು ವರ್ಷದಾಂವ." ಅಜ್ಜಿ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾರಿನ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ನಾನು ಎಲ್ಲವನ್ನೂ ಹೇಳಿದೆ. ಪೆನ್ಸಿಲು, ಗೆರೆ, ಡ್ಯಾನಿಯ ಹೆಸರು, ಪತ್ರ ಬಂತೇ ಎಂಬ ಪ್ರಶ್ನೆಯನ್ನು ನಾನು ಏನು ಮಾಡಿದೆ, ಶುಕ್ರವಾರ ಬೆಳಿಗ್ಗೆ ಯಾಕೆ ಹಾಗೆಂದೆ, ಎಲ್ಲ. ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಳಿಸಿಹೋಯಿತು, ಎಲ್ಲರ ಹೆಸರೂ ಅಳಿಸಿಹೋಯಿತು ಎಂದೆ.

"ಅಳಿಸಿ ಎಲ್ಲಿ ಹೋಗ್ತಾವ?" ಎಂದಳು ಅಜ್ಜಿ. "ಸುಣ್ಣ ಏನು ಪೇಂಟ್ ಏನ? ಹಸಿ ಅರಿವಿಲೆ ಒರಸಿದ್ರ ಒಳಗಿಂದೆಲ್ಲಾ ಕಾಣತೈತಿ. ಅವತ್ತ ಒಂದ ಮಾತು ನನಗ ಹೇಳಿದ್ರ, ಅವತ್ತs ಅವರಿಗೆ ತೋರಸ್ತಿದ್ದೆನಲ್ಲ, ಪದ್ದಿ."

ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಬಕೆಟ್ಟಿನಲ್ಲಿ ನೀರು ತಂದಳು. ಹಳೆಯ ಪಂಚೆಯ ತುಂಡೊಂದನ್ನು ಅದ್ದಿ ಒಲೆಯ ಪಕ್ಕದ ಗೋಡೆಗೆ ಮೆತ್ತಗೆ ಒತ್ತಿದಳು, ಮಗುವಿನ ಮೈ ಒರೆಸುವಂತೆ. ಒದ್ದೆಯಾದಲ್ಲಿ ಬಿಳುಪು ತೆಳುವಾಗುತ್ತ ಬಂತು. ಮೊದಲು ಒಂದು ಗೆರೆ ಕಂಡಿತು, ಆಮೇಲೆ ಒಂದು ತಾರೀಖು, ಆಮೇಲೆ ಹೆಸರುಗಳು, ಒಂದರ ಕೆಳಗೊಂದು. ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಇದರಲ್ಲಿ ಅವನ ಹೆಸರು ಯಾವುದು ಎಂದು ಅಜ್ಜಿ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಓದು ಬಾರದ ಅಜ್ಜಿ ಆ ವಾಲಿದ ಅಕ್ಷರಗಳ ಕೆಳಗೆ ಬೆರಳು ಎಳೆಯುತ್ತ ಹೋದಳು, ಡಿ ಯಿಂದ ಆರ್ ವರೆಗೆ.

ಗೋಡೆ ಆರತೊಡಗಿತು. ಅಂಚಿನಿಂದ ಬಿಳುಪು ಮತ್ತೆ ಕೂಡಿಕೊಳ್ಳುತ್ತ ಒಳಗೆ ಬಂತು. ಮೊದಲು ತಾರೀಖು ಹೋಯಿತು, ಆಮೇಲೆ ಹಾರ್ಪರ್ ಹೋಯಿತು. ನಾನು ಅಜ್ಜಿಯ ಕೋಟು ಹಿಡಿದು ಜಗ್ಗಿ, ಇನ್ನೊಮ್ಮೆ ಒರೆಸು, ಬೇಗ ಒರೆಸು ಎಂದೆ. ಅಜ್ಜಿ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಡಿದು ಕೊನೆಯ ಹನಿಯವರೆಗೆ ಹಿಂಡಿದಳು.

"ಇನ್ನ ಯಾರಿಗೆ ತೋರಸೂದು?" ಎಂದಳು.